ಕರ್ಪೂರ ಆರುವಷ್ಟರಲ್ಲಿ

"ಕುಡ್ದಿಲ್ಲ ಅಂತೀಯಲ್ಲ, ಅಂಗಾರೆ ಕೈ ಯಾಕ್ಲಾ ಅಂಗೆ ನಡುಗ್ತದೆ? ಚಳೀನಾ? ಕುದಿಯೋ ಕೊಪ್ಪರಿಗೆ ಪಕ್ಕ ನಿಂತ್ಕಂಡು ಚಳಿ ಅಂತೀಯಾ?"

ಆಲೆಮನೆ ಯಜಮಾನ ಚಿಕ್ಕಮಾದಯ್ಯ ಹೀಗೆ ಕೂಗಾಡುತ್ತಿದ್ದುದು ನಮ್ಮ ಭಾವ ತಮ್ಮಯ್ಯನ ಮೇಲೆ. ನಾನು ಆಗತಾನೇ ಕೆ.ಆರ್. ಪೇಟೆ ಬಸ್ಸಿಳಿದು, ಅಕ್ಕನಿಗೆ ಹೊಲಿದ ರವಿಕೆಗಳ ಗಂಟು ಹಿಡಿದು, ಅಕ್ಕಿಹೆಬ್ಬಾಳಿನ ಆಚೆಗಿರುವ ಅವರ ಊರಿಗೆ ಹೊಳೆ ದಾರಿಯಲ್ಲಿ ಬರುತ್ತಿದ್ದೆ. ಕರಿಕಲು ವಾಸನೆ ಮೊದಲು ಮೂಗಿಗೆ ಬಂತು, ಬೈಗುಳ ಆಮೇಲೆ ಕಿವಿಗೆ ಬಿತ್ತು. ಒಂದು ಕೊಪ್ಪರಿಗೆ ತುಂಬ ಪಾಕ ತಳ ಹಿಡಿದು ಹಾಳಾಗಿತ್ತು.

ಭಾವ ಇಪ್ಪತ್ತೈದು ವರ್ಷದಿಂದ ಆ ಆಲೆಮನೆಯಲ್ಲಿ ಪಾಕದ ಹದ ನೋಡುವವನು. ಕುದಿಯುವ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉರುಟಿ, "ಇಳ್ಸಿ" ಅನ್ನಬೇಕು. ಅಷ್ಟೇ ಕೆಲಸ. ಆದರೆ ಆ ಒಂದು ಮಾತು ಎರಡು ನಿಮಿಷ ಮುಂಚೆ ಬಂದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಎರಡು ನಿಮಿಷ ತಡವಾದರೆ ಕರಿಕಲು. ಅವತ್ತು ತಡವಾಗಿತ್ತು. ಹದ ಅವನಿಗೆ ಗೊತ್ತಾಗಿತ್ತಂತೆ. ಬೆರಳು ಉರುಟಲಿಲ್ಲ, ಬಾಯಿಂದ ಮಾತು ಹೊರಡಲಿಲ್ಲ.

"ನೋಡ್ಲಾ ನಾಗರಾಜ, ನಿಮ್ ಭಾವನ ಮುಕ ನೋಡು," ಚಿಕ್ಕಮಾದಯ್ಯ ನನ್ನನ್ನು ಕಂಡವನೇ ಇನ್ನೂ ಏರಿದ. "ಅಷ್ಟು ಬೈದಿವ್ನಿ, ಒಂದು ಗೆರೆ ಅಲ್ಲಾಡ್ನಿಲ್ಲ. ಗೋಡೆ ನಿಂತಂಗೆ ನಿಂತವ್ನೆ. ಬೆಳಿಗ್ಗೇನೇ ಏರ್ಸ್ಕಂಡು ಬಂದವ್ನೆ, ಇನ್ನೇನು!"

ಈಗ ಹೇಳಲು ನಾಚಿಕೆಯಾಗುತ್ತದೆ. ನಾಚಿಕೆಗಿಂತ ಸಿಟ್ಟು ಬರುತ್ತದೆ, ನನ್ನ ಮೇಲೇ. ಯಾಕೆಂದರೆ ನಾನು ಹತ್ತಿರ ಹೋಗಿ, ಏನೋ ಗುಟ್ಟು ಹೇಳುವವನಂತೆ ಮುಖ ತಂದು, ಭಾವನ ಬಾಯಿ ಮೂಸಿದೆ. ಎಲೆಅಡಿಕೆ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ವಾಸನೆ ಬರದಂಥ ಮಾಲೂ ಈಗ ಸಿಗುತ್ತಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟು ಚೆನ್ನಾಗಿತ್ತು.

ಭಾವ ಮಾತ್ರ ಮೆಲ್ಲಗೆ, ಬಾವಿಯೊಳಗಿಂದ ಬಂದಂತೆ ಹೇಳಿದ: "ಮೂಸಿದ್ದಾಯ್ತಾ?"

ಮನೆಯಲ್ಲಿ ಅಕ್ಕ ಚಲುವಮ್ಮ ಚಿಕ್ಕಮಾದಯ್ಯನಿಗಿಂತ ಮುಂದಿದ್ದಳು. ಎಮ್ಮೆಗೆ ಹುಲ್ಲು ಹಾಕುತ್ತಾ, ಭಾವ ಕೇಳಲಿ ಎಂದೇ ಜೋರಾಗಿ ಹೇಳಿದಳು.

"ಮೆದೆಯೆಲ್ಲಾ ಕೆದ್ಕಿವ್ನಿ ಕಣ್ಲಾ. ಹಿತ್ಲು ಹುಡುಕ್ದೆ, ಅಟ್ಟ ಹತ್ತಿ ನೋಡ್ದೆ. ಒಂದು ಬಾಟ್ಲಿ ಸಿಗ್ನಿಲ್ಲ. ಎಲ್ಲಿ ಮಡಗ್ತಾನೋ ಆ ಅನುಮಪ್ಪನೇ ಬಲ್ಲ!"

"ಇದ್ರೆ ತಾನೆ ಸಿಗಾದು," ಎಂದ ಭಾವ.

"ಇಲ್ದೇ ಇದ್ರೆ ಕಾಲು ಎಳ್ಕಂಡು ಯಾಕೆ ನಡೀತೀಯಾ? ನೆನ್ನೆ ಮುದ್ದೆ ಮುರ್ಯಾಕೆ ಎಷ್ಟೊತ್ತು ಮಾಡ್ದೆ? ಸಾರೆಲ್ಲಾ ಪಂಚೆ ಮೇಲೆ! ಮಗು ಥರ!"

ಭಾವ ಜಗಲಿಯ ಮೇಲೆ ಕೂತು ಅಂಗೈ ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಬಲಗೈ ಹೆಬ್ಬೆರಳೂ ತೋರುಬೆರಳೂ ತಾವೇ ತಾವಾಗಿ ಏನನ್ನೋ ಉರುಟುತ್ತಿದ್ದವು. ಬೀಡಿ ಸುತ್ತುವವರ ಬೆರಳು ಆಡಿದ ಹಾಗೆ. ನಾನು ನೋಡಿದೆ, ಮುಖ ತಿರುಗಿಸಿದೆ. ನಾನು ಎರಡು ಕೆಲಸ ಮಾಡಿ ಹೊರಟೆ. ಮೊದಲನೆಯದು, ಜೇಬಿನಿಂದ ಅವನ ತಲೆಸುತ್ತಿನ ಮಾತ್ರೆಯ ಪೊಟ್ಟಣ ತೆಗೆದು ಅಕ್ಕನ ಕೈಗಿಟ್ಟು, "ಇದೊಂದನ್ನ ಮಾತ್ರ ತಪ್ಪಿಸ್ಬೇಡ ಕಣಕ್ಕ" ಎಂದೆ. ಎರಡನೆಯದು, ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ:

"ಆಣೆ ಮಾಡ್ಸನ. ಅನುಮಪ್ಪನ ಮುಂದೆ ಕರ್ಪೂರ ಆರ್ಸಿದ್ರೆ ಎಂಥ ಕುಡುಕನೂ ಬುಡ್ತಾನೆ."

ನಮ್ಮ ಕಡೆ ಇದು ಹಳೇ ಪದ್ಧತಿ. ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. "ಇನ್ನು ಮುಟ್ಟಾಕಿಲ್ಲ" ಎಂದು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ತಟ್ಟಿ ಆರಿಸಬೇಕು. ಕೈ ಬೀಳುವುದರೊಳಗೆ ಅದು ತಾನಾಗಿ ಆರಿಹೋದರೆ ಆಣೆ ನಡೆಯಲಿಲ್ಲವೆಂದು ಲೆಕ್ಕ.

ಬಂದ ಶನಿವಾರ ಹೊಳೆ ದಂಡೆಯ ಹನುಮಪ್ಪನ ಗುಡಿ ಮುಂದೆ ಹದಿನೈದು ಇಪ್ಪತ್ತು ಜನ ಸೇರಿದರು. ಚಿಕ್ಕಮಾದಯ್ಯ ತೋಳಿನ ಮೇಲೆ ಟವೆಲ್ ಹಾಕಿಕೊಂಡು ಪಂಚಾಯ್ತಿದಾರನಂತೆ ನಿಂತಿದ್ದ. ಭಾವ ಸ್ನಾನ ಮಾಡಿ ಬಿಳೀ ಷರಟು ಹಾಕಿದ್ದ. ಗುಂಡಿಗಳನ್ನು ಅಕ್ಕನೇ ಹಾಕಿದ್ದಳು, ಮೇಲೊಂದು ಕೆಳಗೊಂದು ಆಗಿತ್ತು.

"ಇನ್ನು ಕುಡ್ಯಾಕಿಲ್ಲ ಅಂತ ಯೋಳಿ ಆರ್ಸು," ಎಂದ ಚಿಕ್ಕಮಾದಯ್ಯ.

"ಅಂಗ್ ಯೋಳಾಕಿಲ್ಲ."

"ಮತ್ತೆ?"

"ಕುಡ್ದೇ ಇಲ್ಲ ಅಂತ ಯೋಳ್ತೀನಿ. ಇನ್ನು ಕುಡ್ಯಾಕಿಲ್ಲ ಅಂದ್ರೆ, ಇಲ್ಲೀಗಂಟ ಕುಡ್ದೆ ಅಂದಂಗಾಯ್ತದೆ."

ಜನ ನಕ್ಕರು. "ಲಾಯರಿಕೆ ನೋಡ್ಲಾ!" ಎಂದ ಒಬ್ಬ. ನಾನೂ ನಕ್ಕೆ. ಅದೂ ನೆನಪಿದೆ.

"ಯಾವ್ದಾರ ಒಂದು ಯೋಳು, ಮೊದ್ಲು ಆರ್ಸು," ಎಂದು ಚಿಕ್ಕಮಾದಯ್ಯ ಕರ್ಪೂರ ಹಚ್ಚಿದ.

ಭಾವ ಕೈ ಎತ್ತಿದ. ಎತ್ತಿದ ಎನ್ನುವುದಕ್ಕಿಂತ, ಕೈ ಎತ್ತಲು ಶುರುಮಾಡಿದ ಎನ್ನಬೇಕು. ಕೈ ಸೊಂಟದಿಂದ ಎದೆಯವರೆಗೆ ಬಂತು, ಅಲ್ಲಿ ನಿಂತಿತು. ಯಾರೋ ಹಿಂದಿನಿಂದ ಮೊಣಕೈ ಹಿಡಿದುಕೊಂಡ ಹಾಗೆ. ಆಮೇಲೆ ಗೇಣು ಗೇಣಾಗಿ ಮುಂದಕ್ಕೆ ಹೋಯಿತು. ಕರ್ಪೂರ ಕಾಯುತ್ತದೆಯೇ? ಉರಿ ಸಣ್ಣಗಾಯಿತು, ನೀಲಿಯಾಯಿತು, ತಟ್ಟೆಯ ಮೇಲೆ ಒಂದು ಕಪ್ಪು ಚುಕ್ಕೆ ಬಿಟ್ಟು ಹೋಯಿತು. ಭಾವನ ಅಂಗೈ ಆಗ ಬಂದು ತಣ್ಣನೆಯ ತಟ್ಟೆಯ ಮೇಲೆ ಕೂತಿತು.

"ಕಾದ ನೋಡ್ರಲಾ! ಆರ್ಲಿ ಅಂತ ಕಾದ! ಅನುಮಪ್ಪನ ಮುಂದೇನೇ ಆಟ!"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿದಳು. ಚಿಕ್ಕಮಾದಯ್ಯ ಅಲ್ಲೇ ತೀರ್ಮಾನ ಹೇಳಿದ. ಸೋಮವಾರದಿಂದ ಕೊಪ್ಪರಿಗೆ ಹತ್ತಿರ ಬೇರೆಯವನು, ತಮ್ಮಯ್ಯ ಬೇಕಾದರೆ ಹಿಂಡಿದ ಕಬ್ಬಿನ ಸಿಪ್ಪೆ ಒಣಗಿಸಲಿ. ಭಾವ ಅದಕ್ಕೆ ಹೋಗಲಿಲ್ಲ. ಜಗಲಿ ಹಿಡಿದ. ಊರ ಮಕ್ಕಳು "ಕರ್ಪೂರದ ತಮ್ಮಯ್ಯ" ಎಂದು ಕರೆಯಲು ಶುರುಮಾಡಿದರು. ಇದು ತೊಂಬತ್ತಾರನೇ ಇಸವಿ ಫೆಬ್ರವರಿಯ ಮಾತು.

ಮೇ ತಿಂಗಳಲ್ಲಿ ಒಂದು ದಿನ ಅವನು ಕೆ.ಆರ್. ಪೇಟೆಯ ನನ್ನ ಟೈಲರ್ ಅಂಗಡಿಗೆ ಬಂದ. ಮೆಟ್ಟಿಲ ಮೇಲೆ ಫಕ್ರುನ್ನೀಸಾ ಕೂತು ಕಾಜಾ ಹೊಲಿಯುತ್ತಿದ್ದಳು. ನನ್ನ ಅಂಗಡಿಯ ಕಾಜಾ, ಗುಂಡಿ, ಹುಕ್ಕು ಎಲ್ಲಾ ಆಕೆಯದೇ ಕೈಕೆಲಸ. ಮಾತು ಕಡಿಮೆ, ಕಣ್ಣು ಜಾಸ್ತಿ. ಭಾವ ಮೆಟ್ಟಿಲ ಮುಂದೆ ಬಂದು, ಕಾಲು ನೆಲಕ್ಕೆ ಅಂಟಿಕೊಂಡವನಂತೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹತ್ತಿದ. ಚೀಲದಿಂದ ಅದೇ ಬಿಳೀ ಷರಟು ತೆಗೆದ.

"ಗುಂಡಿ ಕಿತ್ತಾಕಿ, ಒತ್ತಿದ್ರೆ ಕೂರ್ತದಲ್ಲ, ಆ ಟಿಚ್ ಬಟನ್ ಹಾಕ್ಕೊಡು."

"ಯಾಕ್ ಭಾವ? ಗುಂಡಿ ಹಾಕ್ಕಳಾಕೂ ಕೈ ನಿಲ್ಲಾಕಿಲ್ವಾ? ಇವತ್ತೂ ಬೆಳಿಗ್ಗೇನೇ ಶುರುವಾಯ್ತಾ?"

ಅವನು ಬೆಂಚಿನ ಮೇಲೆ ಕೂತ. ನಾನು ನೀರು ಕೊಟ್ಟೆ, ಕುಡಿದ. ಷರಟು ಬಿಟ್ಟು ಹನ್ನೆರಡರ ಬಸ್ಸಿಗೆ ಹೊರಟುಹೋದ. ಅವನು ತಿರುವು ದಾಟಿದ ಮೇಲೆ ಫಕ್ರುನ್ನೀಸಾ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

"ಭಾಯ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವ್ರು ಕುಡಿಯಲ್ಲ."

"ನಿಂಗೇನಮ್ಮ ಗೊತ್ತು?"

"ಕುಡ್ಕರ ಕೈ ಲೋಟ ಹಿಡ್ದಾಗ ನಡುಗ್ತದೆ. ನಮ್ಮ ಬೀದೀಲಿ ಇಬ್ರು ಅವ್ರೆ, ದಿನಾ ನೋಡ್ತೀನಿ. ನಿಮ್ಮ ಭಾವಂದು ಸುಮ್ನೆ ಕೂತಾಗ ನಡುಗ್ತಿತ್ತು. ಲೋಟ ಹಿಡ್ದಾಗ ನಿಂತೋಯ್ತು. ನೀವು ನೋಡಿಲ್ಲ. ನೀವು ಬೈಯೋದ್ರಲ್ಲಿ ಇದ್ರಿ."

ನನಗೆ ಮೈ ಉರಿಯಿತು. ಆದರೆ ನಾನು ನಿಜವಾಗಿ ನೋಡಿರಲಿಲ್ಲ.

"ನಮ್ಮ ಅಬ್ಬಾಗೆ ಹಿಂಗೇ ಆಗಿತ್ತು," ಎಂದಳು. "ಮುಖ ಮರ ಇದ್ದಂಗೆ. ನಗು ಇಲ್ಲ, ಸಿಟ್ಟಿಲ್ಲ. ನಾವು ಜಂಭ ಅಂದ್ವಿ. ಆಮೇಲೆ ನರದ ಡಾಕ್ಟರಮ್ಮ ಹೇಳಿದ್ರು, ಅದು ಬೀಮಾರಿ ಅಂತ. ಮೈಸೂರಿಂದ ಗುರುವಾರ ಗುರುವಾರ ಇಲ್ಲಿಗೇ ಬರ್ತಾರೆ. ಕರ್ಕೊಂಡು ಹೋಗಿ. ದೇವ್ರ ಹತ್ರ ಆಮೇಲೆ ಹೋಗಿ."

ಗುರುವಾರ ಹೋದೆವು. ಒಂದು ಬಟ್ಟೆ ಅಂಗಡಿಯ ಮೇಲಿನ ಸಣ್ಣ ಕೋಣೆ, ಹೊರಗೆ ಬೆಂಚಿನ ತುಂಬ ಜನ. ಬಾಯಿ ಸೊಟ್ಟಗಾದವರು, ಕೈ ಎತ್ತಲಾಗದವರು, ಫಿಟ್ಸ್ ಬರುವ ಹುಡುಗಿಯ ಮುಷ್ಟಿಯಲ್ಲಿ ಬೀಗದ ಕೈ ಹಿಡಿಸಿಕೊಂಡು ಕೂತ ತಾಯಿ. ಡಾಕ್ಟರಮ್ಮ ನಲವತ್ತರ ಆಸುಪಾಸಿನವರು. ನಾವು ಒಳಗೆ ಹೋದಾಗ ಆ ತಾಯಿಗೇ ಗದರುತ್ತಿದ್ದರು. "ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲಲ್ಲಮ್ಮ. ಅದು ತಾನಾಗೇ ನಿಲ್ಲುತ್ತೆ, ನೀವು ಕಬ್ಬಿಣಕ್ಕೆ ಹೆಸರು ಕೊಡ್ತೀರಿ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಮಾತ್ರೆ ಒಂದು ದಿನವೂ ಬಿಡಬೇಡಿ. ತಿಳೀತಾ?"

ಮಾತ್ರೆ ಬಿಡಬೇಡಿ ಎಂದದ್ದು ಕೇಳಿ ನನಗೆ ಧೈರ್ಯ ಬಂತು. ಆ ಒಂದು ವಿಷಯದಲ್ಲಿ ನಮ್ಮಲ್ಲಿ ತಪ್ಪಿರಲಿಲ್ಲವಲ್ಲ.

ಅವರು ಭಾವನನ್ನು ಕೂರಿಸಿ, ಮೊದಲು ಮಾತೇ ಆಡದೆ ಅವನ ಕೈ ನೋಡಿದರು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಿಸಿದರು. ಮೊದಲ ನಾಲ್ಕು ತಟ್ಟು ದೊಡ್ಡದಾಗಿ ಬಂದವು, ಆಮೇಲೆ ಸಣ್ಣಗಾಗಿ ನಿಂತೇಹೋದವು. ಮೊಣಕೈ ಮಡಿಸಿ ಬಿಡಿಸಿ ನೋಡಿದರು, ತುಕ್ಕು ಹಿಡಿದ ಬಾಗಿಲಂತೆ ತಡೆದು ತಡೆದು ಬಂತು. ಹೆಸರು ಬರೆಸಿದರು. "ತಮ್ಮಯ್ಯ" ಎಂಬ ಮೂರು ಅಕ್ಷರ ಹೋಗ್ತಾ ಹೋಗ್ತಾ ಇರುವೆಯಷ್ಟಾದವು. ನಡೆಸಿದರು. ಕೈ ಬೀಸದೆ, ಮಣಭಾರ ಹೊತ್ತವನಂತೆ ನಡೆದ.

"ಎರಡು ಕೈಗೂ ಇದೆ. ಎಷ್ಟು ದಿನದಿಂದ?"

"ಎರಡು ವರ್ಷದ ಮೇಲಾಯ್ತು," ಎಂದ ಭಾವ.

"ಕುಡೀತೀರಾ?"

"ಇಲ್ಲ."

"ಸರಿ," ಎಂದು ಬರೆದುಕೊಂಡರು. ಅಷ್ಟೇ. ಇಪ್ಪತ್ತು ಜನ ಸೇರಿ ನಂಬದಿದ್ದ ಮಾತನ್ನು ಆಕೆ ಒಂದೇ ಸಲಕ್ಕೆ ಬರೆದುಕೊಂಡರು. ಭಾವ ತಲೆ ಎತ್ತಿ ಆಕೆಯ ಪೆನ್ನನ್ನೇ ನೋಡಿದ.

"ಬೇರೆ ಏನಾದ್ರೂ ಮಾತ್ರೆ ತಗೋತಾ ಇದೀರಾ?"

ಇಲ್ಲಿ ನಾನು ಎದೆಯುಬ್ಬಿಸಿ ಮುಂದೆ ಬಂದೆ. "ಒಂದೇ ಒಂದು ಮೇಡಂ, ತಲೆಸುತ್ತಿಂದು. ಅದನ್ನ ನಾನು ಒಂದು ದಿನ ತಪ್ಪದಂಗೆ ನೋಡ್ಕಂಡಿವ್ನಿ. ಇಲ್ಲಿಂದ ತಿಂಗ್ಳು ತಿಂಗ್ಳು ಕಂಡಕ್ಟರ್ ಕೈಲಿ ಕಳಿಸ್ತೀನಿ." ಜೇಬಿನಿಂದ ಔಷಧಿ ಚೀಟಿ ತೆಗೆದೆ. ಅದು ಮಾಸಬಾರದೆಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅಂಚನ್ನು ಮಿಷನ್ನಿನಲ್ಲಿ ಹೊಲಿದಿಟ್ಟಿದ್ದೆ. ಅಷ್ಟು ಜೋಪಾನ.

ಡಾಕ್ಟರಮ್ಮ ಚೀಟಿ ನೋಡಿದರು. ಮತ್ತೆ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ತೊಂಬತ್ತಮೂರನೇ ಇಸವಿ ಚೀಟಿ."

"ಹೌದು ಮೇಡಂ."

"ದಿನಕ್ಕೆ ಮೂರು. ಏಳು ದಿನ ಅಂತ ಬರೆದಿದೆ."

"ನಿಲ್ಸಿದ್ರೆ ಮತ್ತೆ ಸುತ್ತು ಬತ್ತಿತ್ತು ಮೇಡಂ. ಅದ್ಕೇ ಅಂಗೇ..."

"ಮೂರು ವರ್ಷ? ದಿನಾ ಮೂರು?"

ನಾನು ತಲೆಯಾಡಿಸಿದೆ. ಹೆಮ್ಮೆ ಆಗ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನೋಡಿ," ಆಕೆ ದನಿ ಏರಿಸಲಿಲ್ಲ, ಅದೇ ಇನ್ನೂ ಚುಚ್ಚಿತು. "ಈ ಮಾತ್ರೆ ನಾಲ್ಕು ದಿನಕ್ಕೆ ಒಳ್ಳೇದು. ವರ್ಷಗಟ್ಟಲೆ ತಿಂದರೆ ಕೈಕಾಲು ಆಡಿಸೋ ಮಿದುಳಿನ ಭಾಗವನ್ನ ಕಟ್ಟಿಹಾಕುತ್ತೆ. ನಡುಕ, ನಿಧಾನ, ಮುಖ ಮರಗಟ್ಟೋದು, ಎಲ್ಲಾ ಇದರಿಂದ ಬರಬಹುದು. ಇವರ ಕಾಯಿಲೆ ಬಹುಶಃ ಈ ಕವರಿನೊಳಗೇ ಇದೆ."

ಹೊರಗೆ ಯಾರೋ ಕೆಮ್ಮಿದರು. ನನ್ನ ಕಿವಿಗೆ ಆ ಕೆಮ್ಮೊಂದೇ ಕೇಳಿಸಿತು.

"ಸರಿಯಾಯ್ತದಾ?" ಭಾವ ಕೇಳಿದ.

"ಈ ವಾರದಲ್ಲಿ ಕಡಿಮೆ ಮಾಡ್ತಾ ಪೂರ್ತಿ ನಿಲ್ಲಿಸಿ. ತಲೆಸುತ್ತು ಮಗ್ಗುಲು ಬದಲಾಯಿಸಿದಾಗ ತಾನೆ ಬರ್ತಿದ್ದುದು? ಅದು ಕಿವಿಯೊಳಗಿನ ತೊಂದರೆ, ಅದಕ್ಕೆ ವ್ಯಾಯಾಮ ಹೇಳಿಕೊಡ್ತೀನಿ. ನಡುಕ ಇಳಿಯೋಕೆ ಆರು ತಿಂಗಳಾದ್ರೂ ಬೇಕು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಕೆಲವರಿಗೆ ಕಾಯಿಲೆ ಒಳಗೇ ಇರುತ್ತೆ, ಮಾತ್ರೆ ಅದನ್ನ ಬೇಗ ಹೊರಗೆ ಎಳೆದಿರುತ್ತೆ. ತಿಂಗಳಿಗೊಮ್ಮೆ ಬನ್ನಿ. ದಿನಾ ನಡೀಬೇಕು. ಜಗಲಿ ಮೇಲೆ ಕೂತುಬಿಡಬೇಡಿ."

ಕೆಳಗಿಳಿದವನೇ ನಾನು ಆ ಮಾತ್ರೆ ಕೊಳ್ಳುತ್ತಿದ್ದ ಮೆಡಿಕಲ್ ಸ್ಟೋರಿಗೆ ನುಗ್ಗಿದೆ. ಅಂಗಡಿಯವನು ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದ. ಚೀಟಿಯನ್ನು ಅವನ ಗಾಜಿನ ಮೇಲೆ ಬಡಿದೆ.

"ಏಳು ದಿನ ಅಂತ ಬರ್ದದಲ್ಲಯ್ಯಾ! ಮೂರು ವರ್ಷ ಕೊಟ್ಟಿದ್ದೀಯಲ್ಲಯ್ಯಾ! ಮನುಷ್ಯನಾ ನೀನು?"

"ಗಾಜು ಒಡೀತದೆ, ಕೈ ತೆಗೀರಿ. ನೀವು ಚೀಟಿ ತಂದ್ರಿ, ನಾನು ಮಾತ್ರೆ ಕೊಟ್ಟೆ. ಕೊಡದೇ ಇದ್ದಿದ್ರೆ ಪಕ್ಕದಂಗಡಿಗೆ ಹೋಗ್ತಿದ್ರಿ."

"ಒಂದು ಮಾತು ಹೇಳ್ಬೋದಿತ್ತಲ್ಲ! ಇದು ಜಾಸ್ತಿ ದಿನ ತಿನ್ಬಾರ್ದು ಅಂತ!"

"ನಾನೇನು ಡಾಕ್ಟ್ರಾ? ನಿಮ್ಗೂ ಓದಕ್ಕೆ ಬರ್ತದಲ್ಲ. ಚೀಟಿ ಮೂರು ವರ್ಷ ಯಾರ ಜೇಬಲ್ಲಿತ್ತು?"

ನಾನು ಏಳನೇ ಕ್ಲಾಸಿಗೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲಾ ಪೊಟ್ಟಣ ಕಟ್ಟಿದ ಕಾಗದದಿಂದ. ಕಡಲೆಕಾಯಿ ತಿಂದರೆ ಕಾಗದ ಬಿಡಿಸಿ ಎರಡೂ ಕಡೆ ಓದುವವನು. ಬಟ್ಟೆ ಥಾನಿನ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದುವುದನ್ನೂ ಕಲಿತಿದ್ದೆ. ಪೇಟೆಯಲ್ಲಿ ನಾಲ್ಕು ಜನ ಕಾಗದ ಓದಿಸಲು ನನ್ನ ಹತ್ತಿರ ಬರುತ್ತಿದ್ದರು. ಆ ಒಂದು ಚೀಟಿಯನ್ನು ಮಾತ್ರ ನಾನು ಓದಿರಲಿಲ್ಲ. ತೋರಿಸಿದ್ದೆ, ಅಷ್ಟೇ. ಅವನನ್ನು ಇನ್ನೂ ನಾಲ್ಕು ಮಾತು ಬೈದೆ, ಸಾಲದೆ ಅವನ ಅಪ್ಪನನ್ನೂ ಎಳೆದು ತಂದೆ. ಒಂದೊಂದು ಬೈಗುಳವೂ ಗಾಜಿಗೆ ತಗುಲಿ ನನ್ನ ಕಡೆಗೇ ವಾಪಸ್ ಬರುತ್ತಿತ್ತು. ಅವನದೂ ತಪ್ಪೇ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ಮಾತ್ರೆಯನ್ನು ಬಟ್ಟೆ ಚೂರಿನಲ್ಲಿ ಸುತ್ತಿ, ದಾರ ಕಟ್ಟಿ, ಬಸ್ಸಿನ ಕಿಟಕಿಯಲ್ಲಿ ಕೊಡುತ್ತಿದ್ದವನು ಅವನಲ್ಲವಲ್ಲ. ಮಾತ್ರೆಯೂ ನಾನೇ, ಆಣೆಯೂ ನಾನೇ!

ಹೊರಗೆ ಬಂದರೆ ಭಾವ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ. ಬೆರಳು ಉರುಟುತ್ತಲೇ ಇತ್ತು. ಮುಖ ಹಾಗೇ, ನುಣುಪಾಗಿ, ಖಾಲಿಯಾಗಿ. ನನಗೆ ಅದನ್ನು ನೋಡಿ ಸ್ವಲ್ಪ ಸಮಾಧಾನವೇ ಆಯಿತು, ಸಿಟ್ಟಾಗಿಲ್ಲ ಎಂದುಕೊಂಡೆ.

"ಭಾವ, ತೆಪ್ಪಾಯ್ತು."

ಅವನು ನನ್ನ ಕಡೆ ತಿರುಗಿ ಕೇಳಿದ: "ನಾಗ, ನನ್ ಮುಕ ನೋಡು. ಏನಾರ ಕಾಣ್ತದಾ?"

"ಇಲ್ಲ ಭಾವ."

"ಒಳಗೆ ಬೆಂಕಿ ಬಿದ್ದದೆ ಕಣ್ಲಾ. ನಿನ್ ಕುತ್ಗೆ ಇಸ್ಕಬೇಕು ಅನ್ನಿಸ್ತಾದೆ. ಚಿಕ್ಮಾದನ್ನ ಕೊಪ್ಪರಿಗೆಗೆ ಎತ್ತಾಕಬೇಕು ಅನ್ನಿಸ್ತಾದೆ. ಅವತ್ತಿಂದ ಅನ್ನಿಸ್ತಾನೇ ಅದೆ. ನೀವು ಯಾರಿಗೂ ಕಾಣ್ನಿಲ್ಲ." ರಸ್ತೆ ಕಡೆ ನೋಡಿ, "ಬಸ್ ಬಂತು," ಎಂದ. ಏಳಲು ಎರಡು ಸಲ ಪ್ರಯತ್ನಪಟ್ಟ. ನಾನು ಕೈ ಕೊಡಲು ಹೋದೆ. "ಮುಟ್ಬೇಡ," ಎಂದ.

ಅಕ್ಕನಿಗೆ ಹೇಳಿದಾಗ ಅವಳು ಆ ವಾರಕ್ಕೆ ಬೇಕಾದ ನಾಲ್ಕಾರು ಮಾತ್ರೆ ತೆಗೆದಿಟ್ಟು, ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದು, ನನ್ನನ್ನೂ ತನ್ನನ್ನೂ ಒಟ್ಟಿಗೆ ಬೈದಳು. "ಹೊತ್ತೊತ್ತಿಗೆ ನಾನೇ ನುಂಗಿಸ್ದೆ ಕಣ್ಲಾ! ಬಾಯಿ ತೆಗಿ ಅಂತ ಗದರ್ಸಿ ನುಂಗಿಸ್ದೆ!" ಎಂದು ಹಣೆ ಹಣೆ ಚಚ್ಚಿಕೊಂಡಳು.

ನಾನು ಡಾಕ್ಟರಮ್ಮನ ಕಾಗದ ಹಿಡಿದು ಆಲೆಮನೆಗೂ ಹೋದೆ. ಚಿಕ್ಕಮಾದಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇಂಗ್ಲೀಸಲ್ಲಿ ಬರ್ದ್ಬುಟ್ರೆ ಕುಡ್ದಿಲ್ಲ ಅಂತಾಯ್ತದಾ? ಅನುಮಪ್ಪನ ಮುಂದೆ ಆಗ್ದೇ ಇದ್ದುದ್ದು ಕಾಗ್ದದಲ್ಲಿ ಆಯ್ತದಾ? ಓಗ್ಲಾ, ಬಟ್ಟೆ ಒಲ್ಯೋಗು."

ಅವನ ಎದೆಗೆ ಗುದ್ದಬೇಕೆನಿಸಿತು. ಆದರೆ ಮೂರು ತಿಂಗಳ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಕಾಗದ ಮಡಚಿಕೊಂಡು ಬಂದೆ. ಇದನ್ನು ಭಾವನಿಗೆ ಹೇಳಿದೆ. "ಅವ್ನಿಗೆ ಕಾಗ್ದ ಬ್ಯಾಡ್ವಂತಾ?" ಎಂದ. "ಸರಿ ಬುಡು."

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ತಲೆಸುತ್ತು ಮಾತ್ರ ವ್ಯಾಯಾಮಕ್ಕೆ ನಿಂತಿತು. ತಿಂಗಳಿಗೊಂದು ಗುರುವಾರ ಡಾಕ್ಟರಮ್ಮನ ಹತ್ತಿರ ಹೋದಾಗ ನಾನು ಅವನ ಬೆರಳು ನೋಡುವುದು, ಅವನು ಬೆರಳು ಪಂಚೆಯೊಳಗೆ ಮುಚ್ಚಿಕೊಳ್ಳುವುದು. ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ಹೊಳೆವರೆಗೆ ನಡೆಯುತ್ತಾನಂತೆ, ಬರುವಾಗ ಗುಡಿ ಮುಂದೆ ನಿಲ್ಲುತ್ತಾನಂತೆ. ಅಕ್ಕ ಹೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ, "ನಡೀವಾಗ ಎಡಗೈ ಬೀಸ್ತಾನೆ ಕಣ್ಲಾ," ಎಂದಳು. ನವೆಂಬರಿನಲ್ಲಿ, "ಸಾರು ಚೆಲ್ನಿಲ್ಲ," ಎಂದಳು. ಡಾಕ್ಟರಮ್ಮ ಹೆಸರು ಬರೆಸಿದರೆ ಮೂರನೇ ಅಕ್ಷರವೂ ಮೊದಲನೆಯದರಷ್ಟೇ ದಪ್ಪ ಬಂತು. "ಮಾತ್ರೆಯದೇ ಕೆಲಸ. ಆದರೂ ಬರೋದು ನಿಲ್ಲಿಸಬೇಡಿ," ಎಂದರು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೇನೆ, ಬೆನ್ನ ಮೇಲೆ ಏನೋ ಬಂದು ಬಿತ್ತು. ಬಿಳೀ ಷರಟು. ಹಿಂದೆ ಭಾವ.

"ಈ ದರಿದ್ರ ಟಿಚ್ ಬಟನ್ ಕಿತ್ತಾಕು. ಗುಂಡಿ ಹಾಕು. ಈಗ್ಲೇ!"

"ಕೂತ್ಕೊ ಭಾವ, ಕಾಪಿ..."

"ನಿನ್ ಕಾಪಿ ನಿನ್ ತಲೆ ಮೇಲೆ ಸುರ್ಕೊ! ಮೂರು ವರ್ಸ ನುಂಗಿಸಿ, ಇಪ್ಪತ್ತು ಜನರ ಮುಂದೆ ನಿಲ್ಸಿ, ನಗ್ತಿದ್ದೆಯಲ್ಲೋ! ಓದಿದೋನು ಅಂತ ಬೇರೆ! ಥೂ ನಿನ್ನ! ಬಾಯಿ ಮೂಸ್ತೀಯೇನ್ಲಾ ನಂದು?"

ಬಾಯಿ ತೆರೆದು ನಿಂತುಬಿಟ್ಟೆ. ಬೈಗುಳಕ್ಕಲ್ಲ. ಅವನ ಹುಬ್ಬು ಗಂಟುಕಟ್ಟಿತ್ತು. ಮೂಗು ಅರಳಿತ್ತು. ಹಣೆಯಲ್ಲಿ ಮೂರು ಗೆರೆ, ಕೆನ್ನೆಯ ಸ್ನಾಯು ಪಟಪಟ. ಎರಡು ವರ್ಷದಿಂದ ಎಲ್ಲಿಗೋ ಹೋಗಿದ್ದ ಮುಖ ಪೂರ್ತಿ ಸಿಟ್ಟು ತುಂಬಿಕೊಂಡು ವಾಪಸ್ ಬಂದಿತ್ತು.

"ಏನ್ಲಾ ಅಲ್ಲು ಕಿರೀತೀಯಾ?"

"ಭಾವ, ನಿನ್ ಹುಬ್ಬು..."

"ಹುಬ್ಬಿಗೇನಾಗದೆ?"

"ಏನಿಲ್ಲ. ಬೈಯಿ. ಇನ್ನೂ ಬೈಯಿ."

ಫಕ್ರುನ್ನೀಸಾ ಮೆಟ್ಟಿಲಿಗೆ ಬಂದವಳು ಅವನನ್ನು ಒಮ್ಮೆ ನೋಡಿ, "ಸಲಾಂ ಭಾಯ್," ಎಂದು ಷರಟು ಕಿತ್ತುಕೊಂಡಳು. ಕಾಲು ಗಂಟೆಯಲ್ಲಿ ಗುಂಡಿಗಳು ಕೂತವು, ತೋಳಿನದೂ ಸೇರಿ. ಭಾವ ಹಾಕಿಕೊಂಡ. ಒಂದೊಂದಕ್ಕೂ ಹೊತ್ತು ಹಿಡಿಯಿತು, ಆದರೆ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಸರಿಯಾಗಿ ಬಿತ್ತು.

"ಅಂಗಡಿ ಮುಚ್ಚು," ಎಂದ. "ನೀನೂ ಬಾ. ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ನಿಂತ್ಕೊ."

ಗುಡಿ ಮುಂದೆ ಅವತ್ತು ಇದ್ದವರಲ್ಲಿ ಮುಕ್ಕಾಲು ಜನ ಇದ್ದರು. ಹಿಂದಿನ ದಿನ ಸಂಜೆ ಭಾವನೇ ಮನೆ ಮನೆಗೆ ಹೋಗಿ ಕರೆದಿದ್ದನಂತೆ. ಅಕ್ಕ ತಟ್ಟೆ ಹಿಡಿದು ನಿಂತಿದ್ದಳು. ಚಿಕ್ಕಮಾದಯ್ಯ ಬಂದ, ತೋಳಿನ ಮೇಲೆ ಅದೇ ಟವೆಲ್.

ಭಾವ ಯಾರಿಗೂ ಮಾತಾಡಲು ಬಿಡಲಿಲ್ಲ. ಬಲತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಚಿದ. ತಾನೇ ಕಡ್ಡಿ ಗೀರಿ ಕರ್ಪೂರ ಹಚ್ಚಿದ.

"ಕುಡ್ದಿಲ್ಲ. ಅವತ್ತೂ ಕುಡ್ದಿರ್ನಿಲ್ಲ."

ಅಂಗೈ ಟಪ್ಪೆಂದು ಬಿತ್ತು. ಉರಿ ಇನ್ನೂ ಎತ್ತರವಿದ್ದಾಗಲೇ ಬಿತ್ತು. ತಟ್ಟೆ ಅಕ್ಕನ ಕೈಯಲ್ಲಿ ಅದುರಿತು. ಅಂಗೈ ತಿರುಗಿಸಿ ಕಪ್ಪು ಮಸಿಯನ್ನು ಎಲ್ಲರಿಗೂ ತೋರಿಸಿದ. ಬೆರಳ ತುದಿ ಸ್ವಲ್ಪ ನಡುಗುತ್ತಿತ್ತು, ಅದನ್ನು ಮುಚ್ಚಿಡಲಿಲ್ಲ.

"ಆಯ್ತು ಬುಡು ತಮ್ಮಯ್ಯ," ಎಂದ ಚಿಕ್ಕಮಾದಯ್ಯ. "ಹೊಸಬಂಗೂ ಹದ ಸರ್ಯಾಗಿ ಬತ್ತಿಲ್ಲ. ಸೋಮವಾರದಿಂದ ನೀನೇ ಬಾ."

"ಬತ್ತೀನಿ. ನನ್ ಕೆಲ್ಸ ಅದು. ಆದ್ರೆ ಇದಿನ್ನೂ ಆಗ್ನಿಲ್ಲ." ಭಾವ ಇನ್ನೊಂದು ಬಿಲ್ಲೆ ಕರ್ಪೂರ ತಟ್ಟೆಯಲ್ಲಿಟ್ಟ. "ನಾನು ಕುಡ್ದಿದ್ದು ಕಣ್ಣಾರೆ ಕಂಡಿವ್ನಿ ಅಂತ ಯೋಳಿ ನೀನು ಆರ್ಸು. ಇಲ್ಲ, ಕಾಣ್ದೇ ಅಂದ್ಬುಟ್ಟೆ ಅಂತ ಯೋಳಿ ಆರ್ಸು. ಯಾವ್ದಾರ ಒಂದು ಯೋಳು."

"ನಂಗ್ಯಾಕ್ಲಾ ಆಣೆ? ನಾನೇನ್ ಮಾಡಿವ್ನಿ?"

"ಅದ್ನೇ ಯೋಳು ಅಂತಿವ್ನಿ."

ಕಡ್ಡಿ ಗೀರಿದ. ಕರ್ಪೂರ ಹತ್ತಿತು. ಚಿಕ್ಕಮಾದಯ್ಯನ ಕೈ ಟವೆಲ್ಲಿನ ಕೆಳಗಿಂದ ಅರ್ಧ ಹೊರಗೆ ಬಂತು, ಅಲ್ಲೇ ನಿಂತಿತು. ನಡುಗದ, ಗಟ್ಟಿಮುಟ್ಟಾದ ಕೈ. ಉರಿ ಸಣ್ಣಗಾಯಿತು, ನೀಲಿಯಾಯಿತು, ತಟ್ಟೆಯ ಮೇಲೆ ಕಪ್ಪು ಚುಕ್ಕೆ ಬಿಟ್ಟು ಹೋಯಿತು.

ಭಾವ ಮಡಚಿದ್ದ ತೋಳು ಬಿಡಿಸಿ, ಎಡಗೈಯಿಂದ ಬಲತೋಳಿನ ಗುಂಡಿ ಹಾಕಿಕೊಳ್ಳಲು ಶುರುಮಾಡಿದ. ಗುಂಡಿ ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಸೇತುವೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿತು, ಪೇಟೆಗೆ ಹೋಗಬೇಕಾದವರು ಇಬ್ಬರು ಆ ಕಡೆ ನೋಡಿದರು, ಕದಲಲಿಲ್ಲ. ಅವನು ಗುಂಡಿ ಹಾಕಿ ಮುಗಿಸುವವರೆಗೂ ಎಲ್ಲರೂ ನಿಂತೇ ಇದ್ದರು. ಬಸ್ಸು ಹೊರಟುಹೋಯಿತು.